ಕುಡಿತ, ಡ್ರಗ್ಸ್ ಬಿಡಿಸಲು ಎಲ್ಲಿ ಅಡ್ಮಿಟ್ ಮಾಡುವುದು? ಕಡಿಮೆ ಖರ್ಚಿನ ದಾರಿಗಳ ಹೋಲಿಕೆ

ಮನೆಯಲ್ಲಿ ಒಬ್ಬರ ಕುಡಿತ ಕೈಮೀರಿದಾಗ ಕುಡಿತ ಬಿಡಿಸುವ ಸೆಂಟರ್‌ಗೆ ಫೋನ್ ಮಾಡಿದವರು ಮೊದಲು ಕೇಳುವುದು "ತಿಂಗಳಿಗೆ ಎಷ್ಟಾಗುತ್ತೆ?" ಅಂತ. ಆ ಕಡೆಯಿಂದ ಒಂದು ಪ್ಯಾಕೇಜ್ ಹೇಳುತ್ತಾರೆ. ಮೂರು ತಿಂಗಳಾದರೆ ಇಷ್ಟು, ಆರು ತಿಂಗಳಾದರೆ ಸ್ವಲ್ಪ ರಿಯಾಯಿತಿ. ಹೆಂಡತಿಯ ಓಲೆಯೋ, ಸಂಘದ ಸಾಲವೋ, ಹೇಗೋ ದುಡ್ಡು ಹೊಂದಿಸುತ್ತಾರೆ. ಅದೆಲ್ಲ ಅಲ್ಲಿನ ಮಂಚಕ್ಕೇ ಖರ್ಚಾಗುತ್ತದೆ. ಆ ಮನುಷ್ಯ ಹೊರಗೆ ಬಂದ ಮೇಲೆ ಮಾತ್ರೆಗೆ, ಬಸ್ ಚಾರ್ಜಿಗೆ, ಡಾಕ್ಟರ್ ಹತ್ತಿರ ಹೋಗಿಬಂದ ದಿನ ತಪ್ಪುವ ಕೂಲಿಗೆ ಏನೂ ಉಳಿದಿರುವುದಿಲ್ಲ.

ನಾನು ಹೇಳುವುದು ಇಷ್ಟು. ಅಡ್ಮಿಟ್ ಬೇಕೇ ಬೇಕು ಅನ್ನುವವರು ಮೊದಲ ವಾರ ಆಸ್ಪತ್ರೆಯಲ್ಲಿ ಕಳೆಯಲಿ. ಆಮೇಲೆ ಎಲ್ಲಾದರೂ ಉಳಿಯಬೇಕಾ, ಎಷ್ಟು ದಿನ ಅನ್ನುವುದನ್ನು ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ. ಕೈಯಲ್ಲಿರುವ ದುಡ್ಡನ್ನು ಆದಷ್ಟು ನಂತರದ ಒಂದು ವರ್ಷಕ್ಕೆ ಉಳಿಸಿಕೊಳ್ಳಿ. ಕರ್ನಾಟಕದಲ್ಲಿ ಇದು ಮಾಡಬಹುದಾದ ಕೆಲಸವೇ. ಆದರೆ ಕಡಿಮೆ ಖರ್ಚಿನ ಜಾಗಗಳು ಜಾಹೀರಾತು ಹಾಕುವುದಿಲ್ಲ, ಹಾಗಾಗಿ ಗೂಗಲ್‌ನಲ್ಲಿ ಹುಡುಕಿದರೆ ಅವು ಕಡೆಗೆ ಸಿಗುತ್ತವೆ.

ಎಷ್ಟು ಜನರಿಗೆ ಚಿಕಿತ್ಸೆ ತಲುಪುತ್ತಿದೆ ಎಂದು ನೋಡಿದರೆ ಬೇಜಾರಾಗುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಯಾವುದಾದರೂ ಒಂದು ಸಹಾಯ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಅಡ್ಮಿಟ್ ಆಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು.

ಅಡ್ಮಿಟ್ ಮಾಡಲೇಬೇಕಾ?

ಎಲ್ಲರಿಗೂ ಬೇಕಿಲ್ಲ. ಕುಡಿತದ ಸಮಸ್ಯೆ ಇರುವ ತುಂಬಾ ಜನ ಮನೆಯಲ್ಲೇ ಇದ್ದು, ಓಪಿಡಿಗೆ ಹೋಗಿಬಂದು, ಮಾತ್ರೆ ತಗೊಂಡು ಸುಧಾರಿಸುತ್ತಾರೆ. ಖರ್ಚಿನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಅಗ್ಗದ ದಾರಿ. ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ಅದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ.

ಹಾಗಾದರೆ ಯಾರಿಗೆ ಅಡ್ಮಿಟ್ ಬೇಕು? ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರಿಗೆ, ಹಲ್ಲುಜ್ಜುವ ಮೊದಲೇ ಒಂದು ತೊಂಬತ್ತು ಬೇಕೇ ಬೇಕು ಅನ್ನುವವರಿಗೆ. ಹಿಂದೆ ಯಾವಾಗಲಾದರೂ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದರೆ, ಇಲ್ಲದ್ದು ಕಂಡು ಕೂಗಾಡಿದ್ದರೆ, ಎರಡನೇ ಮಾತೇ ಇಲ್ಲ, ಆಸ್ಪತ್ರೆಯೇ ಆಗಬೇಕು. ಲಿವರ್ ಕೆಟ್ಟಿದೆ, ಸಕ್ಕರೆ ಕಾಯಿಲೆ ಇದೆ, ಸಾಯುವ ಮಾತಾಡುತ್ತಾರೆ, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ ಅಂದರೂ ಅಷ್ಟೇ.

ಈ ಮೊದಲ ವಾರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜೀವ ಹೋಗುವ ಅಪಾಯ ಇರುವುದು ಇಲ್ಲೇ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿದ ಹಾಗಾಗುತ್ತದೆ. ಹಗಲು ರಾತ್ರಿ ಗೊತ್ತಾಗುವುದಿಲ್ಲ, ಗೋಡೆಯ ಮೇಲೆ ಹುಳ ಕಾಣುತ್ತದೆ, ಮೈ ಸುಡುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಆಗಬಹುದು. ಇದನ್ನು ತಡೆಯುವ ಔಷಧಿಗಳು ಹಳೆಯವು, ಅಗ್ಗದವು. ಕ್ಲೋರ್‌ಡಯಜೆಪಾಕ್ಸೈಡ್, ಡಯಜೆಪಾಮ್, ಲೊರಾಜೆಪಾಮ್‌ನಂಥ ಮಾತ್ರೆಗಳನ್ನು ಮೊದಲು ಜಾಸ್ತಿ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್.

ಆ ಇಂಜೆಕ್ಷನ್ ಮರೆಯುವ ಹಾಗಿಲ್ಲ. ನಮ್ಮ ಕಡೆ "ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಬಾಟಲಿ ಹಾಕಿಸಿ" ಅಂತ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋಗುವುದು ಮಾಮೂಲು ಅಲ್ವಾ? ಕುಡಿದು ಕುಡಿದು, ಊಟ ಬಿಟ್ಟು, ಬಿ1 ಖಾಲಿಯಾದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ನೆನಪಿನ ಶಕ್ತಿ ಶಾಶ್ವತವಾಗಿ ಹೋದವರಿದ್ದಾರೆ. "ದಿನಾ ಕುಡಿಯುತ್ತಾರೆ" ಅನ್ನುವುದನ್ನು ನಾಚಿಕೆಗೆ ಮುಚ್ಚಿಡದೆ ಹೇಳಿ, ಬಿ1 ಕೊಡುತ್ತೀರಾ ಎಂದು ಕೇಳಿ.

ಅಯ್ಯಪ್ಪನ ಮಾಲೆ ಹಾಕಿದಾಗ 41 ದಿನ ಒಂದು ಹನಿ ಮುಟ್ಟದವರು ಎಲ್ಲ ಊರಲ್ಲೂ ಇದ್ದಾರೆ. ಮಾಲೆ ತೆಗೆದ ಸಂಜೆ ಅವರು ಎಲ್ಲಿರುತ್ತಾರೆ ಅನ್ನುವುದೂ ಊರಿಗೆ ಗೊತ್ತು. ನಿಲ್ಲಿಸುವ ಶಕ್ತಿ ಅವರಲ್ಲಿ ಇದೆ. ಅದು ಉಳಿಯಲು ಮಾಲೆ ಇಲ್ಲದ ದಿನಗಳಲ್ಲಿ ಬೇರೆ ಆಸರೆ ಬೇಕು. ಆದರೆ ಬೆಳಿಗ್ಗೆಯೇ ಕೈ ನಡುಗುವ ಹಂತದವರು ಸುಮ್ನೆ ಮಾಲೆ ಹಾಕಿಕೊಂಡು ಒಂದೇ ದಿನಕ್ಕೆ ನಿಲ್ಲಿಸುವುದು ಅಪಾಯ. ಮೊದಲು ಡಾಕ್ಟರ್‌ಗೆ ತೋರಿಸಿ, ಆಮೇಲೆ ಮಾಲೆ.

ಸರ್ಕಾರಿ ಆಸ್ಪತ್ರೆ: ನಿಮ್ಹಾನ್ಸ್, ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆ

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಪ್ರತ್ಯೇಕ ವಿಭಾಗ ಇದೆ. ದೇಶದಲ್ಲೇ ಹೆಸರು ಮಾಡಿದ ವಿಭಾಗ. ಮದ್ಯ, ಗಾಂಜಾ, ಹೆರಾಯಿನ್, ನಿದ್ದೆ ಮಾತ್ರೆ, ತಂಬಾಕು, ಎಲ್ಲಕ್ಕೂ ಅಲ್ಲಿ ಚಿಕಿತ್ಸೆ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಖರ್ಚು ತೀರಾ ಕಡಿಮೆ. ಉಳಿದವರಿಗೂ ಖಾಸಗಿಯ ಮುಂದೆ ಏನೂ ಅಲ್ಲ. ಕುಡಿತದ ಜೊತೆಗೆ ಮಾನಸಿಕ ಕಾಯಿಲೆಯೂ ಇದ್ದರೆ, ಅಂದರೆ ಅನುಮಾನ, ಖಿನ್ನತೆ, ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುವುದು ಇದ್ದರೆ, ನಾನು ಬೇರೆ ಎಲ್ಲೂ ಯೋಚಿಸುವುದಿಲ್ಲ, ನಿಮ್ಹಾನ್ಸ್‌ಗೇ ಹೋಗಿ ಅನ್ನುತ್ತೇನೆ.

ತೊಂದರೆ ಎರಡು. ಒಂದು, ಹೋದ ದಿನವೇ ಮಂಚ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಓಪಿಡಿಯಲ್ಲಿ ನೋಡಿ, ಯಾರಿಗೆ ತುರ್ತು ಎಂದು ಅಳೆದು ಸೇರಿಸಿಕೊಳ್ಳುತ್ತಾರೆ. ಇನ್ನೊಂದು, ರೋಗಿಯ ಜೊತೆ ಮನೆಯವರೊಬ್ಬರು ವಾರ್ಡಿನಲ್ಲಿ ಇರಬೇಕು. ರಾಯಚೂರಿನಿಂದಲೋ ಬೀದರಿನಿಂದಲೋ ಬಂದವರಿಗೆ ಇದೇ ದೊಡ್ಡ ಖರ್ಚು. ಅಷ್ಟು ದಿನದ ಕೂಲಿ ಹೋಯಿತು, ಊಟ ಹೊರಗೆ, ಮನೆಯಲ್ಲಿ ಮಕ್ಕಳನ್ನು ಇನ್ಯಾರಿಗೋ ಒಪ್ಪಿಸಬೇಕು. ಆದರೆ ಇದರಲ್ಲೇ ಒಂದು ಲಾಭವೂ ಇದೆ. ಜೊತೆಗಿದ್ದ ಹೆಂಡತಿ ಅಥವಾ ಅಣ್ಣ ಅಲ್ಲಿನ ಆಪ್ತಸಮಾಲೋಚನೆಯಲ್ಲಿ ತಾವೂ ಕೂತು, ಇದು ಕೊಬ್ಬು ಅಲ್ಲ ಕಾಯಿಲೆ ಎಂದು ಅರ್ಥ ಮಾಡಿಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ಅದು ಉಪಯೋಗಕ್ಕೆ ಬರುತ್ತದೆ.

ಉತ್ತರ ಕರ್ನಾಟಕದವರು ಬೆಂಗಳೂರಿನ ತನಕ ಓಡಬೇಕಿಲ್ಲ. ಧಾರವಾಡದ ಡಿಮ್ಹಾನ್ಸ್ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ, ಈಗ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ. ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆ ಕಡೆಯವರಿಗೆ ಬಸ್ ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ. ಮತ್ತೆ ಮತ್ತೆ ತೋರಿಸಲು ಬರುವುದೂ ಸುಲಭ.

ಜನ ಮರೆಯುವ ಮೂರನೇ ಆಯ್ಕೆ ಎಂದರೆ ಜಿಲ್ಲಾ ಆಸ್ಪತ್ರೆ ಮತ್ತು ಸರ್ಕಾರಿ ಮೆಡಿಕಲ್ ಕಾಲೇಜುಗಳ ಮನೋರೋಗ ವಿಭಾಗ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯ, ಹಾಸನ, ಶಿವಮೊಗ್ಗದ ಮೆಡಿಕಲ್ ಕಾಲೇಜುಗಳು. ಬರೀ ಕುಡಿತದ ಸಮಸ್ಯೆ, ಮೊದಲ ಸಲದ ಚಿಕಿತ್ಸೆ, ಬೇರೆ ಜಟಿಲತೆ ಇಲ್ಲ ಅಂದರೆ ಮೊದಲ ವಾರಕ್ಕೆ ಇವು ಧಾರಾಳವಾಗಿ ಸಾಕು. ಹೊಟ್ಟೆ ಊದಿದೆ, ರಕ್ತ ವಾಂತಿಯಾಗಿದೆ ಎಂದರೆ ಪಕ್ಕದಲ್ಲೇ ಮೆಡಿಸಿನ್ ವಿಭಾಗ ಇರುವುದರಿಂದ ಇವೇ ವಾಸಿ. ಕೊರತೆ ಏನೆಂದರೆ ಮಾತು, ಆಪ್ತಸಮಾಲೋಚನೆ ಕಡಿಮೆ. ನೂಕುನುಗ್ಗಲಿನ ನಡುವೆ ಡಾಕ್ಟರ್‌ಗೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಒಂದು ವಾರದಲ್ಲಿ ದೇಹ ತಹಬಂದಿಗೆ ಬರುತ್ತದೆ, ಮನೆಗೆ ಕಳಿಸುತ್ತಾರೆ. ಮಿಕ್ಕ ಕೆಲಸಕ್ಕೆ ಮುಂದಿನ ದಾರಿ ನೀವೇ ನೋಡಿಕೊಳ್ಳಬೇಕು.

ಸರ್ಕಾರದ ಅನುದಾನದ ವ್ಯಸನಮುಕ್ತಿ ಕೇಂದ್ರಗಳು

ಆ ಮಿಕ್ಕ ಕೆಲಸಕ್ಕೆಂದೇ ಇವು ಇವೆ. ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ನಡೆಸುವ ಕೇಂದ್ರಗಳು. ಹೆಸರು ಉದ್ದ, ಸಮಗ್ರ ಪುನರ್ವಸತಿ ಕೇಂದ್ರ ಅಂತ. ಎಲ್ಲರೂ ಕರೆಯುವುದು ಐಆರ್‌ಸಿಎ ಎಂದು. ಸಾಮಾನ್ಯವಾಗಿ 15 ಅಥವಾ 30 ಹಾಸಿಗೆ, ಸುಮಾರು ಒಂದು ತಿಂಗಳ ವಾಸ. ಊಟ, ವಸತಿ, ಆಪ್ತಸಮಾಲೋಚನೆ, ಯೋಗ ಎಲ್ಲ ಸೇರಿ ಬಡವರಿಗೆ ಉಚಿತವಾಗಿ ಸಿಗಬೇಕೆಂಬುದು ಯೋಜನೆಯ ಉದ್ದೇಶ.

ಆಸ್ಪತ್ರೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಡಾಕ್ಟರ್ ಇರುವ ಹೊತ್ತಿನದು. ಇಲ್ಲಿ ಡಾಕ್ಟರ್ ಇಡೀ ದಿನ ಇರುವುದಿಲ್ಲ, ದಿನದಲ್ಲಿ ಸ್ವಲ್ಪ ಹೊತ್ತು ಬಂದು ನೋಡುತ್ತಾರೆ. ಅದಕ್ಕೇ ಜೋರು ನಡುಕ, ಫಿಟ್ಸ್ ಇತಿಹಾಸ ಇರುವವರನ್ನು ನೇರವಾಗಿ ಇಲ್ಲಿಗೆ ಒಯ್ಯಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ವಾರ ಮುಗಿಸಿ, ಡಿಸ್ಚಾರ್ಜ್ ಚೀಟಿ ಹಿಡಿದು ಇಲ್ಲಿಗೆ ಬಂದರೆ ಎರಡೂ ಕಡೆಯ ಲಾಭ ಸಿಗುತ್ತದೆ. ಖರ್ಚು ಹೆಚ್ಚುಕಡಿಮೆ ಬಸ್ಸಿನದಷ್ಟೇ. ನನ್ನ ಲೆಕ್ಕದಲ್ಲಿ ಬಡ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ.

ಗುಣಮಟ್ಟ ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ಒಂದು ಕಡೆ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಆಪ್ತಸಮಾಲೋಚಕರು ಇರುತ್ತಾರೆ. ಇನ್ನೊಂದು ಕಡೆ ಅನುದಾನ ತಡವಾಗಿ ಸಂಬಳವೇ ಬಂದಿರುವುದಿಲ್ಲ. ಹೋಗಿ ಕಣ್ಣಾರೆ ನೋಡಿ. ನಿಮ್ಮ ಜಿಲ್ಲೆಯಲ್ಲಿ ಯಾವುದಿದೆ ಎಂದು ತಿಳಿಯಲು ಶುಲ್ಕವಿಲ್ಲದ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು. 2020ರ ಆಗಸ್ಟ್ 15ರಂದು ಶುರುವಾದ ನಶಾ ಮುಕ್ತ ಭಾರತ ಅಭಿಯಾನದ ವೆಬ್‌ಸೈಟ್‌ನಲ್ಲೂ ಈ ಕೇಂದ್ರಗಳ ವಿವರ ಇದೆ.

ಧರ್ಮಸ್ಥಳದ ಮದ್ಯವರ್ಜನ ಶಿಬಿರ

ಇದು ನಮ್ಮ ರಾಜ್ಯದ್ದೇ ಆದ ದಾರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ಎಂಟು ದಿನದ ಶಿಬಿರ ನಡೆಸುತ್ತವೆ. ಸಾವಿರಕ್ಕೂ ಹೆಚ್ಚು ಶಿಬಿರಗಳು ಆಗಿವೆ. ಊರಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಕುಡಿಯುವವರೆಲ್ಲ ಒಟ್ಟಿಗೆ ಇರುತ್ತಾರೆ. ಬೆಳಿಗ್ಗೆ ವ್ಯಾಯಾಮ, ಭಜನೆ, ವೈದ್ಯರ ಮಾತು, ಗುಂಪಿನಲ್ಲಿ ಹರಟೆ, ಕುಟುಂಬದವರ ದಿನ. ಊರಿನವರೇ ಅಕ್ಕಿ, ತರಕಾರಿ, ದುಡ್ಡು ಹಾಕಿ ನಡೆಸುವುದರಿಂದ ಶಿಬಿರಾರ್ಥಿಗೆ ಖರ್ಚಿನ ಹೊರೆ ಇಲ್ಲ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಗುಂಪು ಮಾಡಿ ಮತ್ತೆ ಮತ್ತೆ ಸೇರಿಸುತ್ತಾರೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಆ ಸಮಿತಿಯೇ. ಎಂಟು ದಿನದಲ್ಲಿ ಆಗುವುದಕ್ಕಿಂತ, ಅದೇ ಊರಲ್ಲಿ ಅದೇ ಬಾರ್ ಮುಂದೆ ದಿನಾ ಓಡಾಡಬೇಕಾದವನಿಗೆ "ಏನಪ್ಪ, ಈ ವಾರ ಬರಲಿಲ್ಲ?" ಎಂದು ಕೇಳುವ ನಾಲ್ಕು ಜನ ಸಿಗುವುದು ದೊಡ್ಡದು. ಯಾವ ದುಬಾರಿ ರಿಹ್ಯಾಬ್ ಕೂಡ ಇದನ್ನು ನಿಮ್ಮ ಊರಲ್ಲಿ ಕೊಡಲಾರದು.

ಮಿತಿಯೂ ಇದೆ. ಶಿಬಿರ ನಿಮ್ಮ ಊರಿಗೆ ಬರುವ ತನಕ ಕಾಯಬೇಕು, ಅಥವಾ ಪಕ್ಕದ ತಾಲ್ಲೂಕಿನದಕ್ಕೆ ಹೋಗಬೇಕು. ಪೂಜೆ, ಭಜನೆಯ ವಾತಾವರಣ ಎಲ್ಲರಿಗೂ ಹೊಂದುವುದಿಲ್ಲ. ಗಾಂಜಾ, ಮಾತ್ರೆ, ಇಂಜೆಕ್ಷನ್ ಚಟಕ್ಕೆ ಇದು ಜಾಗವಲ್ಲ. ತೀವ್ರ ಕುಡಿತದವರು ಮೊದಲು ವೈದ್ಯರ ಹತ್ತಿರ ಹೋಗಿ, ಶಿಬಿರಕ್ಕೆ ಬರಬಹುದಾ ಎಂದು ಕೇಳಿಕೊಂಡೇ ಬರಬೇಕು.

ಖಾಸಗಿ: ಆಸ್ಪತ್ರೆ ಬೇರೆ, ಸೆಂಟರ್ ಬೇರೆ

ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಮೋಸ ಶುರುವಾಗುತ್ತದೆ. ಟ್ರಸ್ಟ್ ಅಥವಾ ಮಿಷನ್ ನಡೆಸುವ ಆಸ್ಪತ್ರೆಗಳಲ್ಲಿ ಒಳ್ಳೆಯ ಮನೋರೋಗ ವಿಭಾಗಗಳಿವೆ. ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್, ಮೈಸೂರಿನ ಜೆಎಸ್ಎಸ್, ಮಣಿಪಾಲದ ಕಸ್ತೂರ್ಬಾ, ಉಡುಪಿಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ. ಜನರಲ್ ವಾರ್ಡ್ ತಗೊಂಡರೆ ಮಧ್ಯಮ ವರ್ಗದ ಕೈಗೆ ಎಟಕುವ ಮಟ್ಟದಲ್ಲೇ ಇರುತ್ತದೆ. ಇಲ್ಲಿ ಸೋಷಿಯಲ್ ವರ್ಕರ್ ಇರುತ್ತಾರೆ. ಬಿಲ್‌ನಲ್ಲಿ ಕಡಿಮೆ ಮಾಡಲು ಸಾಧ್ಯವಾ ಎಂದು ಅಡ್ಮಿಟ್ ಆಗುವ ಮೊದಲೇ ಅವರ ಹತ್ತಿರ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ಪ್ರಯೋಜನ ಕಡಿಮೆ.

ಇನ್ನು ಸೆಂಟರ್‌ಗಳು. ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆ ಮನೆಯಲ್ಲಿ ನಡೆಯುವವುಗಳಿಂದ ಹಿಡಿದು ಈಜುಕೊಳ ಇರುವವುಗಳ ತನಕ ಇವೆ. ತಿಂಗಳಿಗೆ ಹತ್ತು ಹದಿನೈದು ಸಾವಿರದಿಂದ ಲಕ್ಷ ದಾಟುವ ತನಕ ತಗೊಳ್ಳುತ್ತಾರೆ. ಜಾಸ್ತಿ ದುಡ್ಡಿಗೆ ಸಿಗುವುದು ಒಂಟಿ ಕೋಣೆ, ಒಳ್ಳೆಯ ಊಟ, ಒಬ್ಬ ಆಪ್ತಸಮಾಲೋಚಕರ ಹೆಚ್ಚು ಸಮಯ. ಔಷಧಿ ಅದೇ. ಒಳ್ಳೆಯ ಸೆಂಟರ್‌ಗಳಿವೆ. ತಾವೇ ಕುಡಿತ ಬಿಟ್ಟು ಹತ್ತಾರು ವರ್ಷ ಇನ್ನೊಬ್ಬರಿಗಾಗಿ ದುಡಿಯುತ್ತಿರುವವರು ನಡೆಸುವಂಥವೂ ಇವೆ. ಆದರೆ ಸೆಂಟರ್‌ಗಳಲ್ಲಿ ಹೊಡೆದ, ಕೂಡಿಹಾಕಿದ ಸುದ್ದಿಗಳೂ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತವೆ.

ಕಾನೂನು ಏನು ಹೇಳುತ್ತದೆ ಎಂದು ಗೊತ್ತಿದ್ದರೆ ಆರಿಸುವುದು ಸುಲಭ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಆಗುವ ಮಾನಸಿಕ ಸಮಸ್ಯೆಗಳೂ ಸೇರಿವೆ. ಇಂಥ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಿ. "ರಿನ್ಯೂವಲ್‌ಗೆ ಕೊಟ್ಟಿದ್ದೇವೆ ಸಾರ್" ಎಂದು ಎಳೆದಾಡಿದರೆ ಎದ್ದು ಬನ್ನಿ.

ಒಪ್ಪದ ಮನುಷ್ಯನನ್ನು ರಾತ್ರೋರಾತ್ರಿ ನಾಲ್ಕು ಜನ ಬಂದು ಗಾಡಿಯಲ್ಲಿ ಎತ್ತಿಹಾಕಿಕೊಂಡು ಹೋಗುವ "ಪಿಕಪ್" ಸೇವೆಯನ್ನು ಕೆಲವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕಾನೂನಿನಲ್ಲಿ ಹಾಗಿಲ್ಲ. ರೋಗಿಯ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಅವರ ಪ್ರತಿನಿಧಿಯಾಗಿ ಮನೆಯವರು ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ, ಜೀವಕ್ಕೆ ಅಪಾಯವೋ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯೋ ಇದೆ ಎಂದು ಒಪ್ಪಬೇಕು. ಆಗಲೂ 30 ದಿನದ ಮಿತಿ ಇದೆ. ಅದಕ್ಕಿಂತ ಮುಂದೆ ಇಟ್ಟುಕೊಳ್ಳಲು ಬೇರೆ ಪ್ರಕ್ರಿಯೆ. ಹಾಗಿರುವಾಗ ಆರು ತಿಂಗಳ ದುಡ್ಡು ಮೊದಲೇ ಕಟ್ಟಿಸಿಕೊಳ್ಳುವವರು ಯಾವ ಲೆಕ್ಕದಲ್ಲಿ ಕಟ್ಟಿಸಿಕೊಳ್ಳುತ್ತಾರೆ?

ಸರಪಳಿ ಹಾಕುವುದನ್ನು ಇದೇ ಕಾಯ್ದೆ ಪೂರ್ತಿ ನಿಷೇಧಿಸಿದೆ. ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ, ಬಲವಂತದ ದುಡಿಮೆ ಮಾಡಿಸುವ ಹಾಗಿಲ್ಲ. ಫೋನ್ ಮಾಡುವ, ಭೇಟಿಗೆ ಬಂದವರನ್ನು ನೋಡುವ ಹಕ್ಕು ರೋಗಿಗೆ ಇದೆ. "ಒಂದು ತಿಂಗಳು ಯಾರೂ ಬರಬೇಡಿ, ಮಾತಾಡಬೇಡಿ" ಅನ್ನುವ ಸೆಂಟರ್ ನನಗೆ ಬೇಡ. ಮಲಗುವ ಕೋಣೆ, ಅಡುಗೆಮನೆ, ಕಕ್ಕಸು ಮೂರನ್ನೂ ನೋಡಲು ಬಿಡಬೇಕು. ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಗೊತ್ತಾಗುತ್ತದೆ.

ಲೈಟ್ ಕಂಬದ ಮೇಲಿನ ಚೀಟಿಗಳ ಬಗ್ಗೆಯೂ ಒಂದು ಮಾತು. "ಕುಡಿಯುವವರಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸುತ್ತೇವೆ" ಅಂತ ಇರುತ್ತದಲ್ಲ, ಸಾಂಬಾರಿನಲ್ಲಿ ಬೆರೆಸುವ ಪುಡಿ. ಅದರಲ್ಲಿ ಏನಿದೆ ಎಂದು ಚೀಟಿಯಲ್ಲಿ ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧಿಯೇ ಇದ್ದರೆ ಕಷ್ಟ. ಅದನ್ನು ತಿಂದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಬಿದ್ದು ಜೀವಕ್ಕೆ ಕುತ್ತು ಬರಬಹುದು. ಡಾಕ್ಟರ್ ಕೂಡ ಇದನ್ನು ಕೊಡುತ್ತಾರೆ, ಆದರೆ ಲಿವರ್ ಪರೀಕ್ಷೆ ಮಾಡಿ, ರೋಗಿಗೆ ಪೂರ್ತಿ ತಿಳಿಸಿ, ಒಪ್ಪಿಸಿ. ಹಾಗೆ ಕೊಟ್ಟಾಗ ಅದು ಅಗ್ಗದ, ಒಳ್ಳೆಯ ಔಷಧಿ. ಕದ್ದು ಕೊಟ್ಟರೆ ವಿಷ.

ಗಾಂಜಾ, ಮಾತ್ರೆ, ಇಂಜೆಕ್ಷನ್ ಆದರೆ

ಗಾಂಜಾಗೆ ಬಹಳ ಸಲ ಅಡ್ಮಿಟ್ ಬೇಡ. ಹುಡುಗ ಅನುಮಾನ ಪಡುತ್ತಾನೆ, ಒಬ್ಬನೇ ಮಾತಾಡುತ್ತಾನೆ ಎಂದರೆ ಮಾತ್ರ ಬೇಗ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಹೆರಾಯಿನ್ ಅಥವಾ ನೋವಿನ ಮಾತ್ರೆ ಪುಡಿಮಾಡಿ ಚುಚ್ಚಿಕೊಳ್ಳುವವರ ಕಥೆ ಬೇರೆ. ಇವರಿಗೆ ಬರೀ ಬಿಡಿಸಿ ಕೂಡಿಹಾಕುವುದರಿಂದ ಆಗುವ ಕೆಡುಕು ಒಂದಿದೆ. ಎರಡು ತಿಂಗಳು ಬಿಟ್ಟಾಗ ದೇಹದ ತಡೆಯುವ ಶಕ್ತಿ ಇಳಿದಿರುತ್ತದೆ. ಹೊರಗೆ ಬಂದು ಹಳೆಯ ಅಳತೆಯಲ್ಲೇ ಒಮ್ಮೆ ತಗೊಂಡರೆ ಉಸಿರು ನಿಂತು ಸಾಯಬಹುದು. ಇವರಿಗೆ ಬ್ಯುಪ್ರಿನಾರ್ಫಿನ್‌ನಂಥ ಔಷಧಿಯನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೊಡುವುದು ಜೀವ ಉಳಿಸುವ ಚಿಕಿತ್ಸೆ. "ನಾವು ಯಾವ ಔಷಧಿಯನ್ನೂ ಕೊಡುವುದಿಲ್ಲ, ಎಲ್ಲ ಮನೋಬಲ" ಅನ್ನುವ ಸೆಂಟರ್ ಇವರಿಗೆ ಸರಿಯಲ್ಲ. ನಿಮ್ಹಾನ್ಸ್ ಅಥವಾ ಮೆಡಿಕಲ್ ಕಾಲೇಜಿನಿಂದಲೇ ಶುರು ಮಾಡಿ.

ಪೊಲೀಸರ ಭಯದಿಂದ ಮನೆಯವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಚಿಕಿತ್ಸೆಯ ಮಾಹಿತಿ ಗುಟ್ಟಾಗಿ ಉಳಿಯುವುದು ರೋಗಿಯ ಹಕ್ಕು. ಮಾದಕ ವಸ್ತು ಕಾಯ್ದೆಯ 64ಎ ಕಲಮಿನಲ್ಲೂ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಅಷ್ಟೇ.

ಹೆಂಗಸರಿಗೆ ಆಯ್ಕೆ ನಿಜಕ್ಕೂ ಕಡಿಮೆ. ಬಹುತೇಕ ಕೇಂದ್ರಗಳು ಗಂಡಸರಿಗಷ್ಟೇ. ಹಾಗಾಗಿ ಆಸ್ಪತ್ರೆಯ ಮನೋರೋಗ ವಿಭಾಗವನ್ನೇ ಮೊದಲು ನೋಡಿ. ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಮೂಸುವ ಮಕ್ಕಳನ್ನು ದೊಡ್ಡವರ ಸೆಂಟರ್‌ಗೆ ಖಂಡಿತ ಹಾಕಬೇಡಿ.

ದುಡ್ಡಿನ ವಿಚಾರ

ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಜೊತೆಗಿಟ್ಟುಕೊಳ್ಳಿ. ಈ ದಾಖಲಾತಿಗೆ ಅನ್ವಯಿಸುತ್ತದಾ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ವಿಚಾರಿಸಿ. ಗಾರ್ಮೆಂಟ್ಸ್, ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು ಇಎಸ್ಐ ಆಸ್ಪತ್ರೆಯಿಂದಲೇ ಹೋಗುವುದು ಲಾಭ. ಖಾಸಗಿ ಆರೋಗ್ಯ ವಿಮೆ ನಂಬಿಕೊಂಡು ದುಬಾರಿ ಜಾಗಕ್ಕೆ ಸೇರಿಸಬೇಡಿ. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಕಾನೂನು ಇದ್ದರೂ, ಪಾಲಿಸಿಗಳಲ್ಲಿ ಕೊಡದ ಪಟ್ಟಿಯ 12ನೇ ಕಲಮು ಅಂತ ಒಂದಿದೆ. ಮದ್ಯ, ಮಾದಕ ವಸ್ತುಗಳ ಚಟದ ಚಿಕಿತ್ಸೆ ಅದರಲ್ಲಿ ಬರುತ್ತದೆ. ಸೇರಿಸುವ ಮೊದಲೇ ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಖಾಸಗಿ ಸೆಂಟರ್‌ನ ತಿಂಗಳ ದರದ ಹೊರಗೆ ಏನೇನು ಬರುತ್ತದೆ ಎಂದೂ ಕೇಳಬೇಕು. ಔಷಧಿ, ರಕ್ತ ಪರೀಕ್ಷೆ, ಮನೋವೈದ್ಯರ ಭೇಟಿ, ಆಸ್ಪತ್ರೆಗೆ ಒಯ್ದರೆ ಗಾಡಿ. ಅರ್ಧಕ್ಕೇ ಬಿಟ್ಟು ಬಂದರೆ ಉಳಿದ ದುಡ್ಡು ವಾಪಸ್ ಕೊಡುತ್ತಾರಾ? ಬಾಯಿಮಾತಿಗೆ ಬೆಲೆ ಇಲ್ಲ, ರಸೀದಿ ಇರಲಿ.

ಹೊರಗೆ ಬಂದ ಮೇಲೆ

ಉಳಿಸಿದ ದುಡ್ಡು ಉಪಯೋಗಕ್ಕೆ ಬರುವುದು ಇಲ್ಲಿ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್‌ನಂಥ ಮಾತ್ರೆಗಳಿವೆ. ಯಾವುದು ಹೊಂದುತ್ತದೆ ಎಂದು ಡಾಕ್ಟರ್ ನಿರ್ಧರಿಸುತ್ತಾರೆ. ಇವನ್ನು ತಿಂಗಳುಗಟ್ಟಲೆ ತಗೊಳ್ಳಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡದ ತಿಂಗಳು ಹೊರಗೆ ಕೊಳ್ಳಬೇಕಾಗಬಹುದು. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕ ಇಲ್ಲ. ಬೆಂಗಳೂರು, ಮಂಗಳೂರಿನಂಥ ಕಡೆ ಕನ್ನಡದಲ್ಲೂ ನಡೆಯುತ್ತವೆ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪು ಇದೆ.

ಮತ್ತೆ ಕುಡಿದರೆ? ತುಂಬಾ ಜನ ಕುಡಿಯುತ್ತಾರೆ. ಆಗ ಮನೆಯವರು "ಅಷ್ಟು ದುಡ್ಡು ಸುರಿದದ್ದು ನೀರಿಗೆ ಹೋಯಿತು" ಎಂದು ಚಿಕಿತ್ಸೆಯನ್ನೇ ಬಿಡುತ್ತಾರೆ. ಬಿಪಿ ಮತ್ತೆ ಏರಿದರೆ ಯಾರೂ ಹಾಗೆ ಮಾಡುವುದಿಲ್ಲ ಅಲ್ವಾ? ಒಂದೆರಡು ದಿನದೊಳಗೆ ಅದೇ ಡಾಕ್ಟರ್ ಹತ್ತಿರ ಹೋದರೆ ಬಹಳ ಸಲ ಮತ್ತೆ ಅಡ್ಮಿಟ್ ಆಗುವ ಪ್ರಮೇಯವೇ ಬರುವುದಿಲ್ಲ. ಮೊದಲ ಸಲ ಸುರಿದದ್ದು ಕಡಿಮೆಯಾಗಿದ್ದರೆ ಎರಡನೇ ಸಲ ಹೋಗುವ ಧೈರ್ಯವೂ ಉಳಿದಿರುತ್ತದೆ.

ಇವತ್ತೇ ಯಾರ ಹತ್ತಿರ ಕೇಳುವುದು ಎಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಫಿಟ್ಸ್ ಬಂದಿದೆ, ಪ್ರಜ್ಞೆ ಇಲ್ಲ, ಏನೇನೋ ಬಡಬಡಿಸುತ್ತಿದ್ದಾರೆ ಎಂದರೆ 108. ಓಪಿಡಿಗೆ ಹೊರಡುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿ ಮತ್ತು ರಕ್ತ ಪರೀಕ್ಷೆಯ ವರದಿ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಇರಲಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಎರಡು ಜೊತೆ ಬಟ್ಟೆ, ಹೊದಿಕೆ, ಜೊತೆಗಿರುವವರಿಗೆ ಒಂದು ಚಾಪೆ ಕಟ್ಟಿಕೊಳ್ಳಿ. ಆದಷ್ಟು ಬೆಳಿಗ್ಗೆ ಬೇಗ ತಲುಪಿ. ಸರ್ಕಾರಿ ಓಪಿಡಿಯಲ್ಲಿ ಚೀಟಿ ಕೊಡುವ ಕೌಂಟರ್ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಬಿಡಬಹುದು.